ಹಳೇ ಎಲ್‌ಇಡಿ ರಿಯರ್ ಪ್ರೊಜೆಕ್ಷನ್ ಟಿವಿ: ಅರ್ಧ ಗಂಟೆ ಆದ್ಮೇಲೆ ಕೆಂಪು ಬಣ್ಣ ಸೋರಿ ಹೋಗ್ತಿದೆ, ಉಳಿಸ್ಕೊಬಹುದಾ?

ಹಿಂಬದಿಬೆಳಕು

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಒಂದು ದೊಡ್ಡ ರಿಯರ್ ಪ್ರೊಜೆಕ್ಷನ್ ಎಚ್‌ಡಿ ಟಿವಿ ಇದೆ, ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ಪಿಂದ ಚಿತ್ರ ಮೂಡಿಸೋ ಜಾತಿ), ಆದ್ರೆ ಒಳಗೆ ಲ್ಯಾಂಪ್ ಇಲ್ಲ, ಕೆಂಪು ಹಸಿರು ನೀಲಿ ಅಂತ ಮೂರು ಎಲ್‌ಇಡಿ ಇರೋ ಮಾದರಿ. ಇಷ್ಟು ವರ್ಷ ಒಂದು ದಿನಾನೂ ಕೈಕೊಟ್ಟಿರ್ಲಿಲ್ಲ. ಈಗ ಎರಡು ತಿಂಗಳಿಂದ ಒಂದು ವಿಚಿತ್ರ ತೊಂದರೆ ಶುರುವಾಗಿದೆ. ಆನ್ ಮಾಡಿದ ತಕ್ಷಣ ಬಣ್ಣ ಎಲ್ಲಾ ಸರಿಯಾಗೇ ಇರತ್ತೆ, ಮೊದಲಿನ ಹಾಗೇ ಕಣ್ಣಿಗೆ ಹಬ್ಬ, ಆದ್ರೆ ಇಪ್ಪತ್ತೈದು ಮೂವತ್ತು ನಿಮಿಷ ಕಳೆದ್ಮೇಲೆ ಮನುಷ್ಯರ ಮುಖ ಎಲ್ಲಾ ಹಸಿರು ನೀಲಿ ಕಡೆ ವಾಲ್ಕೊಂಡು ಕಾಯಿಲೆ ಬಿದ್ದವರ ಥರ ಕಾಣ್ಸತ್ತೆ, ಬಿಳಿ ಬಣ್ಣ ತಣ್ಣಗೆ ಆಗತ್ತೆ. ಆಫ್ ಮಾಡಿ ಒಂದು ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಸರಿ. ಕೇಬಲ್ ಬದಲಾಯಿಸಿದೆ, ಬೇರೆ ಪ್ಲೇಯರ್ ಹಾಕಿದೆ, ಸೆಟ್ಟಿಂಗ್ಸ್ ಫ್ಯಾಕ್ಟರಿ ರೀಸೆಟ್ ಮಾಡಿದೆ, ಏನೂ ವ್ಯತ್ಯಾಸ ಇಲ್ಲ.

ನೋಡಿದವರೆಲ್ಲ ಎತ್ತಿ ಬಿಸಾಕಿ ಹೊಸದು ತಗೋ ಅಂತಾರೆ. ನಂಗೆ ಮನಸ್ಸು ಬರ್ತಿಲ್ಲ. ಈ ಟಿವಿಯಲ್ಲಿ ಕತ್ತಲೆ ದೃಶ್ಯಗಳು, ಚಲನೆ, ಆ ಕೆಂಪು ಬಣ್ಣದ ಆಳ, ಇವೆಲ್ಲ ನಂಗೆ ಇವತ್ತಿಗೂ ತುಂಬಾ ಇಷ್ಟ. ಯಾರಾದ್ರೂ ಇಂಥದ್ದು ಬಿಚ್ಚಿ ನೋಡಿದವರು ಇದ್ರೆ ದಯವಿಟ್ಟು ಹೇಳಿ.

ಹೊಸಕಣ್ಣು

ಸರ್ ಒಂದು ಡೌಟು, ತಪ್ಪು ತಿಳ್ಕೋಬೇಡಿ. ಈಗಿನ ಟಿವಿ ಎಲ್ಲಾ ಎಲ್‌ಇಡಿನೇ ಅಲ್ವಾ? ಇದ್ರಲ್ಲಿ ಏನು ವಿಶೇಷ?

ಕಪ್ಪುಬಿಳುಪು

@ಹೊಸಕಣ್ಣು ಈ ಗೊಂದಲ ಎಲ್ರಿಗೂ ಆಗತ್ತೆ. ಈಗ ಅಂಗಡೀಲಿ ಎಲ್‌ಇಡಿ ಟಿವಿ ಅಂತ ಮಾರೋದ್ರಲ್ಲಿ ಚಿತ್ರ ಮೂಡಿಸೋದು ಎಲ್‌ಸಿಡಿ ಪ್ಯಾನೆಲ್, ಎಲ್‌ಇಡಿ ಅದರ ಹಿಂದೆಯೋ ಅಂಚಲ್ಲೋ ಕೂತು ಬರೀ ಬೆಳಕು ಕೊಡತ್ತೆ, ಮೊದಲು ಆ ಜಾಗದಲ್ಲಿ ಟ್ಯೂಬ್‌ಲೈಟ್ ಜಾತಿಯ ಸಣ್ಣ ದೀಪಗಳು ಇರ್ತಿದ್ವು. ಸೋನಿಯವರು 2004ರಲ್ಲೇ ಕ್ವಾಲಿಯಾ 005 ಅಂತ ಮೂರು ಬಣ್ಣದ ಎಲ್‌ಇಡಿ ಬ್ಯಾಕ್‌ಲೈಟ್ ಇರೋ ಎಲ್‌ಸಿಡಿ ಟಿವಿ ತಂದಿದ್ರು. ಎಲ್‌ಇಡಿ ಟಿವಿ ಅನ್ನೋ ಹೆಸರು ಜನರ ಬಾಯಲ್ಲಿ ನಿಂತಿದ್ದು ಮಾತ್ರ 2009ರ ಹೊತ್ತಿಗೆ.

ಹಿಂಬದಿಬೆಳಕು ಅವರ ಟಿವಿ ಬೇರೆ ಜಾತಿ. ಅದು ನಿಜಕ್ಕೂ ಒಂದು ಪೆಟ್ಟಿಗೆ, ಒಳಗೆ ಒಂದು ಪುಟ್ಟ ಪ್ರೊಜೆಕ್ಟರ್ ಇದೆ, ಅದರ ಬೆಳಕು ಒಂದು ದೊಡ್ಡ ಕನ್ನಡಿಗೆ ಬಡಿದು ತಿರುಗಿ ಪರದೆಯ ಹಿಂಭಾಗಕ್ಕೆ ಬೀಳತ್ತೆ, ನಾವು ಮುಂದೆ ಕೂತು ನೋಡ್ತೀವಿ. ಆ ಪ್ರೊಜೆಕ್ಟರ್ ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಡಿಎಂಡಿ ಚಿಪ್ ಇರತ್ತೆ, ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು, ಲಕ್ಷಗಟ್ಟಲೆ ಸೂಕ್ಷ್ಮ ಕನ್ನಡಿಗಳು, ಒಂದೊಂದೂ ಹನ್ನೆರಡು ಡಿಗ್ರಿ ಆ ಕಡೆ ಈ ಕಡೆ ವಾಲತ್ತೆ. ಒಂದು ಕಡೆ ವಾಲಿದ್ರೆ ಬೆಳಕು ಲೆನ್ಸಿಗೆ ಹೋಗತ್ತೆ, ಇನ್ನೊಂದು ಕಡೆ ವಾಲಿದ್ರೆ ಕಪ್ಪು ಗೋಡೆಗೆ ಹೋಗಿ ಸಾಯತ್ತೆ. ಮಧ್ಯದ ಛಾಯೆ ಬೇಕಂದ್ರೆ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ಆಡ್ಕೊಂಡು ಕಣ್ಣಿಗೆ ಸರಾಸರಿ ಕೊಡತ್ತೆ. ಕನ್ನಡಿಗೆ ಬಣ್ಣ ಅನ್ನೋದು ಗೊತ್ತಿಲ್ಲ, ಅದಕ್ಕೇ ಕೆಂಪು, ಹಸಿರು, ನೀಲಿ ಬೆಳಕನ್ನ ಒಂದಾದ ಮೇಲೆ ಒಂದು ಕಳಿಸ್ಬೇಕು. ಲ್ಯಾಂಪ್ ಇರೋ ಸೆಟ್‌ಗಳಲ್ಲಿ ಈ ಕೆಲಸಕ್ಕೆ ತಿರುಗೋ ಬಣ್ಣದ ಚಕ್ರ ಇರ್ತಿತ್ತು. ಎಲ್‌ಇಡಿ ಇದ್ರೆ ಚಕ್ರನೇ ಬೇಡ, ಯಾವ ಬಣ್ಣ ಬೇಕೋ ಅದರ ಸ್ವಿಚ್ ಹಾಕಿದ್ರೆ ಆಯ್ತು.

ಚಪ್ಪಟೆಪರದೆ

ನಾನು ನೇರವಾಗಿ ಹೇಳ್ತೀನಿ, ಬೇಜಾರು ಬೇಡ. ಆ ತಂತ್ರಜ್ಞಾನ ಸತ್ತು ಎಷ್ಟೋ ವರ್ಷ ಆಯ್ತು. ಪ್ರಕಾಶ ಕಮ್ಮಿ, ಪೆಟ್ಟಿಗೆ ದಪ್ಪ, ಎದ್ದು ನಿಂತು ನೋಡಿದ್ರೆ ಚಿತ್ರ ಮಂಕು. ಬಿಡಿಭಾಗ ಹುಡ್ಕೋದೇ ಕಷ್ಟ. ಇದಕ್ಕೆ ಸಮಯ ಹಾಕೋ ಬದ್ಲು ಒಂದು ಒಳ್ಳೇ ಪ್ಯಾನೆಲ್ ತಗೊಳ್ಳಿ.

ಬೆಸುಗೆಕಡ್ಡಿ

@ಹಿಂಬದಿಬೆಳಕು ಬಿಸಾಕೋ ಮಾತು ಆಮೇಲೆ. ನೀವು ಹೇಳಿದ ಲಕ್ಷಣ ಬಹಳ ಸ್ಪಷ್ಟವಾಗಿದೆ, ತಣ್ಣಗಿದ್ದಾಗ ಸರಿ, ಬಿಸಿಯಾದ್ಮೇಲೆ ಕೆಂಪು ಕಮ್ಮಿ, ಮತ್ತೆ ತಣ್ಣಗಾದ್ರೆ ಸರಿ. ಎಲ್‌ಇಡಿ ಸತ್ತಿದ್ರೆ ಆನ್ ಮಾಡಿದಾಗ್ಲೇ ಕೆಂಪು ಇರ್ತಿರ್ಲಿಲ್ಲ. ನನ್ನ ಅನುಮಾನ ಎಲ್ಲಾ ಕೂಲಿಂಗ್ ಮೇಲೆ. ಎರಡು ಪ್ರಶ್ನೆ. ಒಂದು, ಟಿವಿ ಎಲ್ಲಿಟ್ಟಿದ್ದೀರಿ, ಹಿಂದೆ ಗಾಳಿ ಆಡೋಕೆ ಜಾಗ ಇದೆಯಾ. ಎರಡು, ಫ್ಯಾನ್ ಸದ್ದು ಮೊದಲಿಗಿಂತ ಜಾಸ್ತಿ ಆಗಿದೆಯಾ ಅಥವಾ ಪೂರ್ತಿ ನಿಂತೇ ಹೋಗಿದೆಯಾ.

ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಪೂರ್ತಿ ಕೆಂಪು, ಪೂರ್ತಿ ಹಸಿರು, ಪೂರ್ತಿ ನೀಲಿ ಪರದೆ ತೋರಿಸೋ ಮೂರು ಚಿತ್ರ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ. ಫೋನ್ ಕ್ಯಾಮೆರಾ ಮ್ಯಾನುಯಲ್ ಮೋಡಿಗೆ ಹಾಕಿ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡೂ ಲಾಕ್ ಮಾಡಿ, ಸ್ಟ್ಯಾಂಡ್ ಮೇಲಿಟ್ಟು ಒಂದನೇ ನಿಮಿಷಕ್ಕೆ ಒಂದು ಸಲ, ನಲವತ್ತನೇ ನಿಮಿಷಕ್ಕೆ ಒಂದು ಸಲ ಮೂರೂ ಬಣ್ಣದ ಫೋಟೋ ತೆಗೀರಿ. ಆಟೋ ಮೋಡಲ್ಲಿ ತೆಗೆದ್ರೆ ಫೋನೇ ಸರಿ ಮಾಡಿಬಿಡತ್ತೆ, ಏನೂ ಗೊತ್ತಾಗಲ್ಲ.

ಕಿರಣಲೆಕ್ಕ

ಬೆಸುಗೆಕಡ್ಡಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಯಾಕೆ ಕೆಂಪೇ ಮೊದಲು ಹೋಗತ್ತೆ ಅನ್ನೋದನ್ನ ನಾನು ಸ್ವಲ್ಪ ಸೇರಿಸ್ತೀನಿ. ಮೂರೂ ಎಲ್‌ಇಡಿ ಒಂದೇ ವಸ್ತುವಿಂದ ಮಾಡಿದ್ದಲ್ಲ. ನೀಲಿ, ಹಸಿರು ಎರಡೂ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಕುಟುಂಬ, 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ ನೊಬೆಲ್ ಬಂತಲ್ಲ, ಆ ನೀಲಿ ಎಲ್‌ಇಡಿಯ ವಂಶ. ಕೆಂಪು ಮಾತ್ರ ಅಲ್ಯೂಮಿನಿಯಂ ಇಂಡಿಯಂ ಗ್ಯಾಲಿಯಂ ಫಾಸ್ಫೈಡ್. ಈ ಕೆಂಪು ವಸ್ತುವಿಗೆ ಬಿಸಿ ಅಂದ್ರೆ ಆಗಲ್ಲ. ಜಂಕ್ಷನ್ ತಾಪಮಾನ, ಅಂದ್ರೆ ಎಲ್‌ಇಡಿ ಚಿಪ್ಪಿನ ಒಳಗೆ ಬೆಳಕು ಹುಟ್ಟೋ ಜಾಗದ ಬಿಸಿ, ಏರ್ತಾ ಹೋದ ಹಾಗೆ ನೀಲಿ ಸ್ವಲ್ಪವೇ ಕಮ್ಮಿ ಆಗತ್ತೆ, ಹಸಿರು ಅದಕ್ಕಿಂತ ಸ್ವಲ್ಪ ಜಾಸ್ತಿ, ಕೆಂಪಿನ ಬೆಳಕು ಮಾತ್ರ ದಬದಬ ಅಂತ ಇಳಿಯತ್ತೆ, ಮೇಲಿಂದ ಅದರ ತರಂಗಾಂತರ ಕೂಡ ಉದ್ದದ ಕಡೆಗೆ ಜರುಗತ್ತೆ, ಆ ಕಡೆಗೆ ನಮ್ಮ ಕಣ್ಣಿನ ಸೂಕ್ಷ್ಮತೆಯೂ ಕಮ್ಮಿ, ಹಾಗಾಗಿ ಎರಡು ಕಡೆಯಿಂದ ಏಟು. ಇಂಥ ಲೈಟ್ ಎಂಜಿನ್‌ಗಳಲ್ಲಿ (ಅಂದ್ರೆ ಒಳಗಿನ ಪ್ರೊಜೆಕ್ಟರ್ ಭಾಗದಲ್ಲಿ) ಸಾಮಾನ್ಯವಾಗಿ ಕಂಟ್ರೋಲ್ ಸರ್ಕ್ಯೂಟ್ ಕರೆಂಟ್ ಏರಿಸಿ ಇಳಿಸಿ ಬಿಳಿ ಬಣ್ಣ ಕಾಪಾಡ್ಕೊಳ್ಳತ್ತೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ. ಬಿಸಿ ಹೊರಗೆ ಹಾಕೋ ಲೋಹದ ಹೀಟ್‌ಸಿಂಕ್ ಕೆಲಸ ಮಾಡ್ದೆ ಇದ್ರೆ ಕರೆಂಟ್ ಜಾಸ್ತಿ ಕೊಟ್ಟಷ್ಟೂ ಬಿಸಿ ಜಾಸ್ತಿ, ಬೆಳಕು ಮತ್ತೂ ಕಮ್ಮಿ.

ನಿಮ್ಮ ಟಿವಿಯಲ್ಲಿ ಮುಖ ಹಸಿರು ನೀಲಿ ಕಡೆ ವಾಲೋದು ಅದಕ್ಕೇ. ಅದು ಒಳಗಿನ ಥರ್ಮಾಮೀಟರ್ ಅಂತಾನೇ ಅಂದ್ಕೊಳ್ಳಿ.

ಕಿರಣಲೆಕ್ಕ

ಇನ್ನು @ಚಪ್ಪಟೆಪರದೆ ಹೇಳಿದ ಪ್ರಕಾಶದ ವಿಷಯ. ಕಮ್ಮಿ ಅನ್ನೋದು ನಿಜ, ಆದ್ರೆ ಯಾಕೆ ಕಮ್ಮಿ ಅನ್ನೋದು ಬಹಳ ಸುಂದರವಾದ ವಿಷಯ, ನಂಗೆ ಇದನ್ನ ಹೇಳ್ದೆ ಇರೋಕೆ ಆಗಲ್ಲ.

ಪ್ರಕಾಶ ಸಾಲ್ದು ಅಂದ್ರೆ ಎಲ್ರೂ ಕೇಳೋ ಮೊದಲ ಪ್ರಶ್ನೆ, ಇನ್ನೊಂದು ನಾಕು ಎಲ್‌ಇಡಿ ಹಾಕ್ಬೋದಿತ್ತಲ್ಲ ಅಂತ. ಬೀದಿದೀಪದಲ್ಲಿ ಹಾಕ್ಬೋದು, ಪ್ರೊಜೆಕ್ಟರಲ್ಲಿ ಆಗಲ್ಲ. ನೀರನ್ನ ಆಲಿಕೆ ಇಟ್ಟು ಎಷ್ಟು ಅಗಲದ ಪಾತ್ರೆಯಿಂದ ಬೇಕಾದ್ರೂ ಸಣ್ಣ ಬಾಯಿ ಬಾಟ್ಲಿಗೆ ಇಳಿಸ್ಬೋದು. ಬೆಳಕಿಗೆ ಅಂಥ ಆಲಿಕೆ ಇಲ್ಲ. ಬೆಳಕು ಹೊರಡೋ ಜಾಗದ ವಿಸ್ತೀರ್ಣ, ಅದು ಹರಡೋ ಕೋನ, ಈ ಎರಡರ ಗುಣಲಬ್ಧಕ್ಕೆ ಎಟೆಂಡ್ಯೂ ಅಂತಾರೆ. ಲೆನ್ಸು ಕನ್ನಡಿ ಏನೇ ಇಟ್ರೂ ಈ ಗುಣಲಬ್ಧ ಕಮ್ಮಿ ಆಗಲ್ಲ. ಜಾಗ ಚಿಕ್ಕದು ಮಾಡಿದ್ರೆ ಕೋನ ಅಗಲ ಆಗತ್ತೆ, ಕೋನ ಚಿಕ್ಕದು ಮಾಡಿದ್ರೆ ಜಾಗ ಅಗಲ ಆಗತ್ತೆ.

ಈಗ ಡಿಎಂಡಿ ಕಡೆಯಿಂದ ನೋಡಿ. ಕನ್ನಡಿ ಹನ್ನೆರಡು ಡಿಗ್ರಿ ವಾಲೋದ್ರಿಂದ ಅದು ಹೆಚ್ಚುಕಮ್ಮಿ ಹನ್ನೆರಡು ಡಿಗ್ರಿ ಅರ್ಧಕೋನದ ಶಂಕುವಿನಲ್ಲಿ ಬಂದ ಬೆಳಕನ್ನ ಮಾತ್ರ ತಗೊಳ್ಳತ್ತೆ, ಅದಕ್ಕಿಂತ ಅಗಲ ಆದ್ರೆ ಆನ್ ಬೆಳಕು ಆಫ್ ಬೆಳಕು ಒಂದರ ಮೇಲೊಂದು ಬೀಳತ್ತೆ. ಎಲ್‌ಇಡಿ ಮಾತ್ರ ತನ್ನ ಮುಂದಿನ ಇಡೀ ಅರ್ಧಗೋಳಕ್ಕೆ ಬೆಳಕು ಚೆಲ್ಲತ್ತೆ. ಲೆಕ್ಕ ಹಾಕಿದ್ರೆ, 0.65 ಇಂಚಿನ ಡಿಎಂಡಿಗೆ ಸುಮಾರು 5 ಚದರ ಮಿಲಿಮೀಟರ್ ಎಲ್‌ಇಡಿ ಹೊಂದಾಣಿಕೆ ಆಗತ್ತೆ, 0.45 ಇಂಚಿನದಕ್ಕೆ ಬರೀ ಎರಡೂವರೆ ಚದರ ಮಿಲಿಮೀಟರ್. ಅಷ್ಟೇ! ಅದಕ್ಕಿಂತ ದೊಡ್ಡ ಎಲ್‌ಇಡಿ ಇಟ್ರೆ ಹೆಚ್ಚಾದ ಬೆಳಕಿನಲ್ಲಿ ಬಹುಪಾಲು ಲೆನ್ಸಿನ ಆಚೆ ಚೆಲ್ಲಿ ಹೋಗಿ ಪೆಟ್ಟಿಗೆ ಬಿಸಿ ಮಾಡತ್ತೆ. ಆದ್ದರಿಂದ ಇಲ್ಲಿ ಬೇಕಾಗಿದ್ದು ಜಾಸ್ತಿ ಎಲ್‌ಇಡಿ ಅಲ್ಲ, ಕಡ್ಲೇಬೇಳೆ ಗಾತ್ರದ ಜಾಗದಿಂದ ಹುಚ್ಚು ಹೊಳೆ ಥರ ಬೆಳಕು ಸುರಿಸೋ ಒಂದೇ ಒಂದು ಎಲ್‌ಇಡಿ, ಬಣ್ಣಕ್ಕೊಂದು.

ಹಳೇ ಲ್ಯಾಂಪ್ ಗೆದ್ದಿದ್ದೂ ಇಲ್ಲೇ. ಫಿಲಿಪ್ಸ್‌ನವರು 1995ರಲ್ಲಿ ತಂದ ಯುಎಚ್‌ಪಿ ಲ್ಯಾಂಪಿನಲ್ಲಿ ಪಾದರಸದ ಆವಿ ಸುಮಾರು 200 ವಾತಾವರಣದ ಒತ್ತಡದಲ್ಲಿ ಇರತ್ತೆ, ವಿದ್ಯುತ್ ಕಿಡಿಯ ಉದ್ದ ಒಂದು ಮಿಲಿಮೀಟರ್ ಆಸುಪಾಸು. ಚುಕ್ಕಿಯಷ್ಟು ಜಾಗದಿಂದ ನೂರಾರು ವ್ಯಾಟ್! ಎಟೆಂಡ್ಯೂ ದೃಷ್ಟಿಯಿಂದ ಅದಕ್ಕೆ ಸಾಟಿಯಾಗೋದು ಎಲ್‌ಇಡಿಗೆ ಬಹಳ ಕಷ್ಟ ಇತ್ತು.

ಅದನ್ನ ಸಾಧ್ಯ ಮಾಡಿದ್ದು ಲ್ಯೂಮಿನಸ್ ಡಿವೈಸಸ್ ಅನ್ನೋ ಕಂಪನಿ, ಎಂಐಟಿಯ ಸಂಶೋಧನೆಯಿಂದ ಹುಟ್ಟಿದ್ದು. ಎಲ್‌ಇಡಿ ಒಳಗೆ ಹುಟ್ಟಿದ ಬೆಳಕಿನಲ್ಲಿ ಎಷ್ಟೋ ಪಾಲು ಹೊರಗೆ ಬರೋಕೇ ಆಗ್ದೆ ಒಳಗೇ ಪ್ರತಿಫಲಿಸಿ ಸಾಯತ್ತೆ. ಇವರು ಚಿಪ್ಪಿನ ಮೇಲ್ಮೈಯಲ್ಲಿ ಫೋಟಾನಿಕ್ ಲ್ಯಾಟಿಸ್ ಅಂತ ಅತಿಸೂಕ್ಷ್ಮ ಜಾಲರಿ ಕೆತ್ತಿ ಬೆಳಕು ಹೊರಗೆ ಬರೋ ಹಾಗೆ ಮಾಡಿದ್ರು. ಇವರ ಎಲ್‌ಇಡಿಗೆ ಫ್ಲ್ಯಾಟ್‌ಲೈಟ್ (ಫೋಟಾನಿಕ್ ಲ್ಯಾಟಿಸ್ ಲೈಟ್) ಅನ್ನೋ ಹೆಸರು ಬಂದಿದ್ದು ಅದ್ರಿಂದ್ಲೇ. ದೊಡ್ಡ ಚಿಪ್ಪು, ಅದೂ ಚಿತ್ರದ ಉದ್ದ ಅಗಲಕ್ಕೆ ಹೊಂದೋ ಆಯತ, ಹತ್ತಾರು ಆಂಪಿಯರ್ ಕರೆಂಟು. ಸ್ಯಾಮ್ಸಂಗ್‌ನವರು 2006ರಲ್ಲಿ ತಂದ 56 ಇಂಚಿನ ಎಚ್‌ಎಲ್-ಎಸ್5679ಡಬ್ಲ್ಯೂ ಸೆಟ್ಟಿನಲ್ಲಿ ಇದ್ದಿದ್ದು ಇದೇ.

ಹೊಸಕಣ್ಣು

ಅಯ್ಯೋ ಸರ್, ಆಲಿಕೆ ಉದಾಹರಣೆ ತಲೆಗೆ ಹೋಯ್ತು. ಆದ್ರೆ ಮೂರು ಎಲ್‌ಇಡಿ ಇದೆ ಅಂದ್ರೆ ಮೂರು ಪಟ್ಟು ಜಾಗ ಆಯ್ತಲ್ಲ, ಅದು ಹೆಂಗೆ ಒಪ್ಪತ್ತೆ?

ಕಿರಣಲೆಕ್ಕ

ಒಳ್ಳೇ ಪ್ರಶ್ನೆ. ಬಣ್ಣ ಬೇರೆ ಬೇರೆ ಆದ್ರೆ ಒಂದರ ಮೇಲೊಂದು ಕೂರಿಸ್ಬೋದು. ಡೈಕ್ರೋಯಿಕ್ ಕನ್ನಡಿ ಅಂತ ಇರತ್ತೆ, ಕೆಂಪನ್ನ ಪ್ರತಿಫಲಿಸಿ ಹಸಿರನ್ನ ಹಾಯಿಸಿಬಿಡತ್ತೆ, ಹಾಗಾಗಿ ಮೂರೂ ಬಣ್ಣ ಒಂದೇ ದಾರೀಲಿ ಹೋಗತ್ತೆ, ಪ್ರತಿಯೊಂದಕ್ಕೂ ಪೂರ್ತಿ ಎಟೆಂಡ್ಯೂ ಸಿಗತ್ತೆ. ಒಂದೇ ಬಣ್ಣದ ಎರಡು ಎಲ್‌ಇಡಿ ಮಾತ್ರ ಹಾಗೆ ಕೂರಿಸೋಕೆ ಬರಲ್ಲ.

ಇನ್ನೊಂದು ಅನುಕೂಲ, ಮೂರೂ ಸರದಿ ಮೇಲೆ ಉರಿಯೋದ್ರಿಂದ ಒಂದೊಂದಕ್ಕೂ ವಿರಾಮ ಇದೆ, ಹಾಗಾಗಿ ಉರಿಯೋ ಹೊತ್ತಲ್ಲಿ ಕರೆಂಟ್ ಜಾಸ್ತಿ ತಳ್ಬೋದು. ಕಷ್ಟ ಇರೋದು ಹಸಿರಿನಲ್ಲಿ. ಎಚ್‌ಡಿ ಬಣ್ಣದ ಲೆಕ್ಕದಲ್ಲಿ ಬಿಳಿಯ ಪ್ರಕಾಶದಲ್ಲಿ ಹಸಿರಿನ ಪಾಲು ಸುಮಾರು ಶೇ 72, ಕೆಂಪು ಶೇ 21, ನೀಲಿ ಬರೀ ಶೇ 7. ಜಾಸ್ತಿ ದುಡಿಬೇಕಾದ ಹಸಿರೇ ದಕ್ಷತೆಯಲ್ಲಿ ಹಿಂದೆ. ಕರೆಂಟ್ ಏರಿಸಿದ್ರೆ ಇನ್ನೂ ಹಿಂದೆ ಬೀಳತ್ತೆ. ಅದಕ್ಕೆ ಸಮಯದ ಹಂಚಿಕೇಲಿ ಹಸಿರಿಗೆ ಜಾಸ್ತಿ ಪಾಲು ಕೊಡ್ತಾರೆ.

ಕಪ್ಪುಬಿಳುಪು

ಇಲ್ಲಿ ನಾನು ಬಣ್ಣದ ಕಡೆಯಿಂದ ಮಾತಾಡ್ತೀನಿ, ಯಾಕಂದ್ರೆ ನನ್ನ ಪ್ರಕಾರ ಎಲ್‌ಇಡಿಯ ನಿಜವಾದ ಗೆಲುವು ಪ್ರಕಾಶದಲ್ಲಿ ಇರ್ಲೇ ಇಲ್ಲ. ಪಾದರಸದ ಲ್ಯಾಂಪಿನ ಬೆಳಕನ್ನ ಬಿಡಿಸಿ ನೋಡಿದ್ರೆ 546 ನ್ಯಾನೋಮೀಟರ್ ಹತ್ರ ಹಸಿರು, 578ರ ಹತ್ರ ಹಳದಿ ಎದ್ದು ನಿಂತಿರತ್ತೆ, ಕೆಂಪು ಮಾತ್ರ ಬಡವಾಗಿರತ್ತೆ. ಆ ಹಳದಿಯನ್ನ ಸೋಸಿ ಬಿಸಾಕ್ಬೇಕು, ಇಲ್ಲಾಂದ್ರೆ ಕೆಂಪು ಕಿತ್ತಳೆ ಆಗತ್ತೆ, ಹಸಿರು ನಿಂಬೆ ಬಣ್ಣ ಆಗತ್ತೆ. ಎಲ್‌ಇಡಿಗೆ ಸೋಸೋ ಗೋಜೇ ಇಲ್ಲ, ಹುಟ್ಟಿದ್ದೇ ಶುದ್ಧ ಬಣ್ಣ. ಮೊದಲ ಸಲ ಲ್ಯಾಂಪ್ ಸೆಟ್ ಪಕ್ಕದಲ್ಲಿ ಎಲ್‌ಇಡಿ ಸೆಟ್ ಇಟ್ಟು ಒಂದೇ ದೃಶ್ಯ ನೋಡಿದಾಗ ಆ ದಾಸವಾಳದ ಕೆಂಪು ನೋಡಿ ನಾನು ಎಷ್ಟೋ ಹೊತ್ತು ಸುಮ್ನೆ ನಿಂತಿದ್ದೆ, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. (ಹಾಗಂತ ಅದು ಎಚ್‌ಡಿ ಮಾನದಂಡಕ್ಕಿಂತ ಜಾಸ್ತಿ, ಸೆಟ್ಟಿಂಗಲ್ಲಿ ಬಣ್ಣದ ವ್ಯಾಪ್ತಿ ಸಾಧಾರಣಕ್ಕೆ ಇಳಿಸ್ದೆ ಇದ್ರೆ ಮುಖ ಎಲ್ಲಾ ಬಿಸಿಲಲ್ಲಿ ಸುಟ್ಟ ಹಾಗೆ ಕಾಣತ್ತೆ, ಬಹಳ ಜನ ಹಾಗೇ ನೋಡ್ತಿದ್ರು ಅನ್ನೋದು ನಂಗೆ ಸಂಕಟ.)

ಚಕ್ರ ಹೋಗಿದ್ದೂ ದೊಡ್ಡ ವಿಷಯ. ಚಕ್ರದ ಸೆಟ್ಟಲ್ಲಿ ಕಣ್ಣು ಸರಕ್ಕನೆ ತಿರುಗಿಸಿದ್ರೆ ಬಿಳಿ ಅಕ್ಷರದ ಸುತ್ತ ಕಾಮನಬಿಲ್ಲು ಮಿಂಚ್ತಿತ್ತು, ಕೆಲವರಿಗೆ ತಲೆನೋವೇ ಬರ್ತಿತ್ತು. ಎಲ್‌ಇಡಿಯನ್ನ ಮೈಕ್ರೋಸೆಕೆಂಡುಗಳಲ್ಲಿ ಆನ್ ಆಫ್ ಮಾಡ್ಬೋದಾದ್ರಿಂದ ಬಣ್ಣದ ಸರದಿ ಬೇಗ ಬೇಗ ಬರತ್ತೆ, ಕಾಮನಬಿಲ್ಲು ಬಹಳ ಮಟ್ಟಿಗೆ ಕರಗಿ ಹೋಗತ್ತೆ. ಜೊತೆಗೆ ಚಕ್ರದಲ್ಲಿ ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟೋ ಕ್ಷಣದಲ್ಲಿ ಬೆಳಕು ಎರಡೂ ಬಣ್ಣಕ್ಕೆ ಬೀಳೋದ್ರಿಂದ ಆ ಹೊತ್ತು ಶುದ್ಧ ಬಣ್ಣಕ್ಕೆ ಉಪಯೋಗ ಆಗಲ್ಲ, ಎಲ್‌ಇಡಿಯಲ್ಲಿ ಆ ನಷ್ಟ ಇಲ್ಲ. ಚಕ್ರದ ಬೇರಿಂಗ್ ಸವೆದು ಕೂಗೋ ಸದ್ದೂ ಇಲ್ಲ. ಕತ್ತಲೆ ದೃಶ್ಯ ಬಂದಾಗ ಎಲ್‌ಇಡಿಯನ್ನೇ ಮಂದ ಮಾಡ್ಬೋದು, ಲ್ಯಾಂಪನ್ನ ಆ ವೇಗದಲ್ಲಿ ಮಂದ ಮಾಡೋಕೆ ಆಗಲ್ಲ, ಕಪ್ಪು ಅಷ್ಟು ಕಪ್ಪಗೆ ಕಾಣೋದು ಅದಕ್ಕೇ.

ಚಪ್ಪಟೆಪರದೆ

ಸರಿ, ಬಣ್ಣದ ವಿಷಯ ಒಪ್ತೀನಿ. ಆದ್ರೆ ಇಷ್ಟೆಲ್ಲ ಚೆನ್ನಾಗಿದ್ರೆ ಯಾಕೆ ನಿಂತು ಹೋಯ್ತು? ಸೋನಿಯವರು ಎಲ್‌ಸಿಡಿ, ಎಸ್‌ಎಕ್ಸ್‌ಆರ್‌ಡಿ ರಿಯರ್ ಪ್ರೊಜೆಕ್ಷನ್ ಮಾಡ್ತಿದ್ರಲ್ಲ, ಅವರು ಯಾಕೆ ಎಲ್‌ಇಡಿ ಹಾಕ್ಲಿಲ್ಲ?

ಕಿರಣಲೆಕ್ಕ

ಎಲ್‌ಸಿಡಿ, ಎಲ್‌ಕಾಸ್ (ಬೆಳಕು ಪ್ರತಿಫಲಿಸೋ ಚಿಪ್ ಮೇಲೆ ಕೂರಿಸಿದ ಎಲ್‌ಸಿಡಿ, ಸೋನಿಯವರ ಎಸ್‌ಎಕ್ಸ್‌ಆರ್‌ಡಿ ಅಂದ್ರೆ ಇದೇ) ಎರಡಕ್ಕೂ ಧ್ರುವೀಕರಿಸಿದ, ಅಂದ್ರೆ ಒಂದೇ ದಿಕ್ಕಿನಲ್ಲಿ ಕಂಪಿಸೋ ಬೆಳಕು ಬೇಕು. ಎಲ್‌ಇಡಿ ಬೆಳಕು ಧ್ರುವೀಕರಿಸಿರಲ್ಲ, ಹಾಗಾಗಿ ಅರ್ಧ ಬೆಳಕು ಅಲ್ಲೇ ಹೋಯ್ತು. ಆ ಅರ್ಧವನ್ನ ತಿರುಗಿಸಿ ಉಪಯೋಗಿಸೋ ಉಪಾಯ ಇದೆ, ಆದ್ರೆ ಮಾಡಿದ್ರೆ ಎಟೆಂಡ್ಯೂ ಎರಡು ಪಟ್ಟು ಆಗತ್ತೆ, ಮತ್ತೆ ಅದೇ ಇಕ್ಕಟ್ಟು. ಡಿಎಂಡಿ ಬರೀ ಕನ್ನಡಿ, ಅದಕ್ಕೆ ಧ್ರುವೀಕರಣದ ಹಂಗಿಲ್ಲ. ರಿಯರ್ ಪ್ರೊಜೆಕ್ಷನ್ನಿನಲ್ಲಿ ಎಲ್‌ಇಡಿ ಡಿಎಲ್‌ಪಿಯ ಕೈ ಹಿಡಿಯೋಕೆ ಇದು ಬಲವಾದ ಕಾರಣ.

ಕಪ್ಪುಬಿಳುಪು

ನಿಂತು ಹೋಗಿದ್ದಕ್ಕೆ ಎಲ್‌ಇಡಿಯ ತಪ್ಪಿಲ್ಲ, ತಡವಾಗಿ ಬಂದದ್ದೇ ತಪ್ಪು. ವರ್ಷಗಳನ್ನ ಸಾಲಾಗಿ ಇಟ್ಟು ನೋಡಿ. 2006ರಲ್ಲಿ ಮೊದಲ ಸೆಟ್. 2007ರಲ್ಲಿ ಸ್ಯಾಮ್ಸಂಗ್‌ನ 87 ಸರಣಿ, 50, 56, 61 ಇಂಚು, ಲ್ಯಾಂಪೂ ಇಲ್ಲ ಚಕ್ರನೂ ಇಲ್ಲ, ಮೇಲಿಂದ ಶಟರ್ ಕನ್ನಡಕ ಹಾಕಿದ್ರೆ 3ಡಿ ನೋಡೋ ಸೌಲಭ್ಯ. ಅದೇ 2007ರ ಡಿಸೆಂಬರಲ್ಲಿ ಸೋನಿಯವರು ರಿಯರ್ ಪ್ರೊಜೆಕ್ಷನ್ ಟಿವಿ ನಿಲ್ಲಿಸ್ತೀವಿ ಅಂತ ಘೋಷಿಸಿಬಿಟ್ರು. 2008ರಲ್ಲಿ ಸ್ಯಾಮ್ಸಂಗ್‌ನ ಎ750, 61 ಮತ್ತು 67 ಇಂಚು, ಆಮೇಲೆ ಅವರೂ ಕೈಬಿಟ್ರು. ಅದೇ ವರ್ಷ ಮಿತ್ಸುಬಿಷಿಯವರು ಎಲ್‌ಇಡಿ ಬದ್ಲು ಲೇಸರ್ ಹಾಕಿ 65 ಇಂಚಿನ ಲೇಸರ್‌ವ್ಯೂ ತಂದ್ರು, ಕೊನೇವರೆಗೂ ಪೆಟ್ಟಿಗೆ ಟಿವಿ ಮಾಡ್ತಾ ಉಳಿದವರು ಅವರೇ, 2012ರ ಡಿಸೆಂಬರಲ್ಲಿ ಅವರೂ ನಿಲ್ಲಿಸಿದ್ರು.

ಅಂದ್ರೆ ಲ್ಯಾಂಪ್ ಬದಲಾಯಿಸೋ ಕಾಟ, ಆನ್ ಮಾಡಿ ಕಾಯೋ ಕಾಟ, ಕಾಮನಬಿಲ್ಲು, ಬಡಕಲು ಕೆಂಪು, ಈ ನಾಕೂ ರೋಗಕ್ಕೆ ಮದ್ದು ಸಿಕ್ಕಿದ ಹೊತ್ತಿಗೆ ಗೋಡೆಗೆ ನೇತು ಹಾಕೋ ಪ್ಯಾನೆಲ್ ಮನೆಮನೆಗೂ ನುಗ್ಗಿ ಆಗಿತ್ತು. ಪೆಟ್ಟಿಗೆಯ ದಪ್ಪಕ್ಕೆ ಎಲ್‌ಇಡಿ ಏನೂ ಮಾಡೋಕಾಗಲ್ಲ, ಅದು ಕನ್ನಡಿ ಮತ್ತು ಬೆಳಕಿನ ದಾರಿಯ ಉದ್ದದ ಲೆಕ್ಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಹಿಂಬದಿಬೆಳಕು

ಎಲ್ರಿಗೂ ಬಹಳ ಥ್ಯಾಂಕ್ಸ್, ಇಷ್ಟು ವರ್ಷ ನೋಡ್ತಿದ್ರೂ ಇದರ ಒಳಗೆ ಇಷ್ಟು ಕಥೆ ಇದೆ ಅಂತ ಗೊತ್ತಿರ್ಲಿಲ್ಲ.

@ಬೆಸುಗೆಕಡ್ಡಿ ಪರೀಕ್ಷೆ ಮಾಡಿದೆ. ಫೋಟೋಗಳನ್ನ ಕಂಪ್ಯೂಟರಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ರೆ ನೀಲಿಯಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸನೇ ಕಾಣಲ್ಲ, ಹಸಿರು ಒಂಚೂರು ಕಮ್ಮಿ, ಕೆಂಪು ಮಾತ್ರ ನಲವತ್ತು ನಿಮಿಷದಲ್ಲಿ ಅರ್ಧಕ್ಕೆ ಹತ್ರ ಬಿದ್ದಿದೆ. ಕಿರಣಲೆಕ್ಕ ಅವರು ಹೇಳಿದ ಕ್ರಮದಲ್ಲೇ! ನೋಡಿ ಮೈ ಜುಮ್ ಅಂತು.

ಇನ್ನು ಟಿವಿ ಇಟ್ಟ ಜಾಗ. ಹೋದ ವರ್ಷ ಒಂದು ಮರದ ಗೂಡು ಮಾಡಿಸಿ ಅದರೊಳಗೆ ಕೂರಿಸಿದ್ದೆ, ಹಿಂದೆ ಮೂರು ಬೆರಳು ಜಾಗ ಕೂಡ ಇಲ್ಲ. ಫ್ಯಾನ್ ಸದ್ದು ಜಾಸ್ತಿ ಆಗಿದೆ, ಹೌದು, ಆದ್ರೆ ಗೂಡಿನ ಒಳಗೆ ಅನುರಣನ ಅಂದ್ಕೊಂಡಿದ್ದೆ.

ಬೆಸುಗೆಕಡ್ಡಿ

ಸಿಕ್ತು ನೋಡಿ. ಮೊದಲು ಗೂಡಿನಿಂದ ಹೊರಗೆ ತನ್ನಿ, ಹಿಂದೆ ಒಂದು ಮೊಳ ಜಾಗ ಬಿಟ್ಟು ಎರಡು ದಿನ ಓಡಿಸಿ. ಅಷ್ಟಕ್ಕೇ ಸ್ವಲ್ಪ ಸುಧಾರಿಸಿದ್ರೆ ಅನುಮಾನ ಗಟ್ಟಿ.

ಆಮೇಲೆ ಬಿಚ್ಚಿ. ಪ್ಲಗ್ ಕಿತ್ತು ಕನಿಷ್ಠ ಅರ್ಧ ಗಂಟೆ ಬಿಡಿ, ಪವರ್ ಸಪ್ಲೈ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರತ್ತೆ, ಆ ಬೋರ್ಡಿಗೆ ಕೈ ತಾಗಿಸ್ಲೇಬೇಡಿ. ಹಿಂದಿನ ಕವರ್ ತೆಗೆದ್ರೆ ಲೈಟ್ ಎಂಜಿನ್ ಕಾಣತ್ತೆ, ಅದರಿಂದ ತಾಮ್ರದ ಹೀಟ್‌ಪೈಪ್ ಹೋಗಿ ರೆಕ್ಕೆ ರೆಕ್ಕೆ ಇರೋ ಹೀಟ್‌ಸಿಂಕಿಗೆ ಸೇರತ್ತೆ. ರೆಕ್ಕೆ ಮಧ್ಯೆ ಧೂಳು ಹತ್ತಿಯ ಥರ ಕಟ್ಟಿರತ್ತೆ. ಫ್ಯಾನ್ ರೆಕ್ಕೆಯನ್ನ ಕೈಯಲ್ಲಿ ಹಿಡ್ಕೊಂಡು, ಅದು ಸುತ್ತದ ಹಾಗೆ, ಮೆತ್ತನೆ ಬ್ರಶ್ಶಿಂದ ತೆಗೀರಿ. ಜೋರು ಗಾಳಿ ಬಿಡ್ಬೇಡಿ, ಧೂಳು ಹಾರಿ ದೊಡ್ಡ ಕನ್ನಡಿ ಮೇಲೋ ಲೆನ್ಸ್ ಮೇಲೋ ಕೂತ್ರೆ ಇನ್ನೊಂದು ತಲೆನೋವು. ಆ ದೊಡ್ಡ ಕನ್ನಡಿಯನ್ನ ಬಟ್ಟೆಯಿಂದ ಒರೆಸ್ಲೇಬೇಡಿ, ಅದರ ಲೋಹದ ಲೇಪ ಮುಂಭಾಗದಲ್ಲೇ ಇರತ್ತೆ, ಒಂದು ಗೀರು ಬಿದ್ರೆ ಮುಗೀತು.

ಧೂಳು ತೆಗೆದ್ಮೇಲೂ ಕೆಂಪು ಬೀಳ್ತಿದ್ರೆ ಮಾತ್ರ ಎಲ್‌ಇಡಿ ಮಾಡ್ಯೂಲ್ ಮತ್ತು ಹೀಟ್‌ಸಿಂಕ್ ಮಧ್ಯದಲ್ಲಿ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ನೋಡಿ. ಇಷ್ಟು ವರ್ಷಕ್ಕೆ ಒಣಗಿ ಸುಣ್ಣದ ಹಾಗೆ ಆಗಿರೋ ಸಾಧ್ಯತೆ ಇದೆ. ಒರೆಸಿ, ತೆಳ್ಳಗೆ ಹೊಸದು ಹಚ್ಚಿ, ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಬನ್ನಿ, ಒಂದೇ ಕಡೆ ಬಿಗಿ ಮಾಡಿದ್ರೆ ಮಾಡ್ಯೂಲ್ ಓರೆಯಾಗಿ ಕೂತು ಮತ್ತೆ ಸಂದು ಉಳಿಯತ್ತೆ. ಕವರ್ ತೆಗೆದಿಟ್ಟು ಟಿವಿ ಆನ್ ಮಾಡಿ ಎಲ್‌ಇಡಿ ಕಡೆ ನೇರ ನೋಡ್ಬೇಡಿ, ಕಣ್ಣಿಗೆ ಅಪಾಯ, ಇದನ್ನ ಲಘುವಾಗಿ ತಗೋಬೇಡಿ.

ಹೊಸಕಣ್ಣು

ಎಲ್‌ಇಡಿ ಆಯಸ್ಸು ಎಷ್ಟು ಸರ್? ಲ್ಯಾಂಪಿಗಿಂತ ಜಾಸ್ತಿ ಅಂತ ಕೇಳಿದೀನಿ. ಇವರ ಟಿವಿಯಲ್ಲಿ ಇನ್ನೂ ಜೀವ ಉಳಿದಿರತ್ತಾ?

ಬೆಸುಗೆಕಡ್ಡಿ

ಟಿವಿಗೆ ಹಾಕ್ತಿದ್ದ ಲ್ಯಾಂಪ್ ಸಾಮಾನ್ಯವಾಗಿ ಕೆಲವು ಸಾವಿರ ಗಂಟೆ, ಅದೂ ಪೂರ್ತಿ ಪ್ರಕಾಶ ಅಲ್ಲ, ಅರ್ಧಕ್ಕೆ ಇಳಿಯೋವರೆಗಿನ ಲೆಕ್ಕ. ಎಷ್ಟೋ ಮನೇಲಿ ಮೂರನೇ ವರ್ಷಕ್ಕೆ ಚಿತ್ರ ಮಂಕಾಗಿರತ್ತೆ, ನಿಧಾನಕ್ಕೆ ಆಗೋದ್ರಿಂದ ಯಾರಿಗೂ ಗೊತ್ತಾಗಲ್ಲ, ಹೊಸ ಲ್ಯಾಂಪ್ ಹಾಕಿದ ದಿನ ಎಲ್ರೂ ಬೆಚ್ಚಿ ಬೀಳ್ತಾರೆ. ಎಲ್‌ಇಡಿಯದು ಹತ್ತಾರು ಸಾವಿರ ಗಂಟೆಯ ಲೆಕ್ಕ. ದಿನಕ್ಕೆ ನಾಕು ಗಂಟೆ ನೋಡಿದ್ರೆ ವರ್ಷಕ್ಕೆ 1460 ಗಂಟೆ, ಹದಿನೈದು ವರ್ಷಕ್ಕೂ 22 ಸಾವಿರ ದಾಟಲ್ಲ. ಆದ್ರೆ ಆ ಲೆಕ್ಕ ಎಲ್ಲಾ ಜಂಕ್ಷನ್ ತಾಪಮಾನ ಹತೋಟೀಲಿ ಇದ್ರೆ ಮಾತ್ರ. ಬಿಸಿಯಲ್ಲಿ ಓಡಿಸಿದ್ರೆ ಆ ಆಯಸ್ಸು ಕರಗಿ ಹೋಗತ್ತೆ. ಅದಕ್ಕೇ ಇವರಿಗೆ ಬೇಗ ಬಿಚ್ಚಿ ಅಂತ ಒತ್ತಾಯ ಮಾಡ್ತಿರೋದು, ಇನ್ನೂ ಆರು ತಿಂಗಳು ಹೀಗೇ ಓಡಿಸಿದ್ರೆ ಆ ಕೆಂಪು ವಾಪಸ್ ಬರಲ್ಲ.

ಕಿರಣಲೆಕ್ಕ

ಒಂದು ಸಣ್ಣ ಮಾತು. ಪೆಟ್ಟಿಗೆ ಟಿವಿ ಹೋದ್ರೂ ಈ ಎಂಜಿನ್ ಸತ್ತಿಲ್ಲ. ಅಂಗೈ ಗಾತ್ರದ ಪ್ರೊಜೆಕ್ಟರ್‌ಗಳಲ್ಲಿ ಎಷ್ಟೋ ಇದೇ ಮೂರು ಎಲ್‌ಇಡಿ, ಒಂದು ಡಿಎಂಡಿ. ಹಸಿರಿನ ಬಡತನಕ್ಕೂ ದಾರಿ ಸಿಕ್ತು. ಕ್ಯಾಸಿಯೋದವರು 2010ರಲ್ಲಿ ನೀಲಿ ಲೇಸರನ್ನ ಫಾಸ್ಫರ್ (ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣ ಸೂಸೋ ವಸ್ತು) ಮೇಲೆ ಬಿಟ್ಟು ಹಸಿರು ಹುಟ್ಟಿಸಿ, ಕೆಂಪಿಗೆ ಎಲ್‌ಇಡಿ ಇಟ್ಟು, ಪಾದರಸ ಇಲ್ಲದ ಪ್ರೊಜೆಕ್ಟರ್ ತಂದ್ರು. ಫಿಲಿಪ್ಸ್‌ನವರು ಆಮೇಲೆ ಫಾಸ್ಫರಿನ ಒಂದು ಕಡ್ಡಿಯ ಮೈಗೆಲ್ಲ ನೀಲಿ ಎಲ್‌ಇಡಿಗಳ ಬೆಳಕು ಬೀಳಿಸಿ ಅದರ ತುದಿಯಿಂದ ಮಾತ್ರ ಹಸಿರು ತೆಗೆದ್ರು. ಬೆಳಕಿಗೆ ಆಲಿಕೆ ಇಲ್ಲ ಅಂತ ನಾನೇ ಮೇಲೆ ಬರೆದೆ, ಬಣ್ಣ ಬದಲಾಯಿಸಿ, ಶಕ್ತಿಯಲ್ಲಿ ಸ್ವಲ್ಪ ಬಿಟ್ಟುಕೊಟ್ರೆ ಆಲಿಕೆ ಥರದ್ದು ಒಂದು ಸಿಗತ್ತೆ, ಅದನ್ನ ಯೋಚನೆ ಮಾಡಿದವರಿಗೆ ಕೈ ಮುಗೀಬೇಕು.

ಹಿಂಬದಿಬೆಳಕು

ಮೂರು ವಾರ ಆದ್ಮೇಲೆ ಬರೀತಿದೀನಿ, ಕ್ಷಮಿಸಿ.

ಗೂಡಿನಿಂದ ಹೊರಗೆ ತಂದಾಗ ಸ್ವಲ್ಪ ಸುಧಾರಿಸ್ತು, ಪೂರ್ತಿ ಅಲ್ಲ. ಆಮೇಲೆ ಬಿಚ್ಚಿದೆ. ಹೀಟ್‌ಸಿಂಕ್ ರೆಕ್ಕೆಗಳ ಮಧ್ಯೆ ಬೂದು ಬಣ್ಣದ ಕಂಬಳಿ ಹೊದೆಸಿದ ಹಾಗಿತ್ತು ಧೂಳು. ಅದನ್ನ ತೆಗೆದ್ಮೇಲೂ ಕೆಂಪು ಸ್ವಲ್ಪ ಬೀಳ್ತಿತ್ತು, ಧೈರ್ಯ ಮಾಡಿ ಕೆಂಪು ಮಾಡ್ಯೂಲ್ ಬಿಚ್ಚಿದೆ, ಪೇಸ್ಟ್ ನಿಜವಾಗ್ಲೂ ಸುಣ್ಣದ ಹಾಗೇ ಉದುರ್ತು. ಹೊಸದು ಹಚ್ಚಿ, ನೀವು ಹೇಳಿದ ಹಾಗೇ ಎದುರುಬದುರು ಬಿಗಿ ಮಾಡಿ ಕೂರಿಸಿದೆ. ಕೈ ನಡುಗ್ತಿತ್ತು.

ಈಗ ಒಂದನೇ ನಿಮಿಷದ ಫೋಟೋ, ಎರಡು ಗಂಟೆ ಆದ್ಮೇಲಿನ ಫೋಟೋ ಪಕ್ಕಪಕ್ಕ ಇಟ್ರೆ ಕೆಂಪಿನಲ್ಲಿ ವ್ಯತ್ಯಾಸ ಹುಡುಕ್ಬೇಕು. ನಿನ್ನೆ ರಾತ್ರಿ ದೀಪ ಎಲ್ಲಾ ಆರಿಸಿ ಪೂರ್ತಿ ಒಂದು ಸಿನಿಮಾ ನೋಡಿದೆ, ಮುಖಗಳಿಗೆ ಕೊನೇವರೆಗೂ ಜೀವ ಇತ್ತು. ಬಿಳಿ ಮಾತ್ರ ಒಂಚೂರು ನೀಲಿ ಅನ್ಸತ್ತೆ, ಅದನ್ನ ಏನ್ ಮಾಡ್ಲಿ? ಮತ್ತೆ ಫ್ಯಾನ್ ಸದ್ದು ಇನ್ನೂ ಇದೆ, ಬೇರಿಂಗ್ ಸವೆದಿದೆ ಅನ್ಸತ್ತೆ. ಕಂಪ್ಯೂಟರಿನ ಫ್ಯಾನ್ ಅದೇ ಅಳತೇದು ಹಾಕ್ಬೋದಾ?

ಕಪ್ಪುಬಿಳುಪು

ಓದಿ ಬಹಳ ಖುಷಿ ಆಯ್ತು! ಬಿಳಿ ಸರಿ ಮಾಡೋಕೆ ಕೆಂಪನ್ನ ಏರಿಸ್ಬೇಡಿ, ಸೆಟ್ಟಿಂಗಲ್ಲಿ ನೀಲಿಯ ಗೇನ್, ಅಂದ್ರೆ ಆ ಬಣ್ಣದ ಮಟ್ಟ, ಎರಡು ಮೂರು ಹೆಜ್ಜೆ ಇಳಿಸಿ. ಪ್ರಕಾಶದಲ್ಲಿ ನೀಲಿಯ ಪಾಲು ಕಮ್ಮಿ, ಇಳಿಸಿದ್ರೂ ಚಿತ್ರ ಮಂಕಾಗಲ್ಲ, ಕೆಂಪು ಎಲ್‌ಇಡಿಗೂ ಹೊರೆ ಬೀಳಲ್ಲ. ಟಿವಿ ಒಂದು ಗಂಟೆ ಓಡಿದ್ಮೇಲೆ ಮಾಡಿ, ತಣ್ಣಗಿರುವಾಗ ಬೇಡ.

ಬೆಸುಗೆಕಡ್ಡಿ

ಫ್ಯಾನ್ ಹಾಕ್ಬೋದು, ಮೂರು ವಿಷಯ ನೋಡ್ಕೊಳ್ಳಿ. ಹಳೇದರ ಮೇಲೆ ಬರೆದಿರೋ ವೋಲ್ಟೇಜ್ ಮತ್ತು ಕರೆಂಟು ಹೊಂದ್ಬೇಕು. ಗಾಳಿ ಬೀಸೋ ದಿಕ್ಕು ಅದೇ ಇರ್ಬೇಕು, ಬಿಚ್ಚೋ ಮುಂಚೆ ಬಾಣದ ಗುರುತಿನ ಫೋಟೋ ತೆಗೆದಿಟ್ಕೊಳ್ಳಿ. ಮುಖ್ಯವಾಗಿ ಎರಡು ತಂತಿ ಫ್ಯಾನ್ ತರ್ಬೇಡಿ, ಹಳೇದರಲ್ಲಿ ಮೂರು ತಂತಿ ಇದ್ರೆ ಮೂರನೇದು ಫ್ಯಾನ್ ಸುತ್ತುತಿದೆಯಾ ಅಂತ ಬೋರ್ಡಿಗೆ ತಿಳಿಸೋದು, ಆ ಸಂಕೇತ ಬರ್ದೆ ಇದ್ರೆ ಟಿವಿ ತನ್ನನ್ನ ತಾನೇ ಆಫ್ ಮಾಡ್ಕೊಂಡುಬಿಡತ್ತೆ.

ಹಿಂಬದಿಬೆಳಕು

ಈಗಷ್ಟೇ ಬಗ್ಗಿ ನೋಡಿದೆ, ಮೂರು ತಂತಿ ಇದೆ. ಅಂಥದ್ದೇ ತರಿಸ್ತೀನಿ. ಮರದ ಗೂಡಿನ ಹಿಂದಿನ ಹಲಗೆ ಪೂರ್ತಿ ಕತ್ತರಿಸಿ ತೆಗೆದಾಯ್ತು.